ನಲವತ್ತೇಳು ಹದಿನಾರು

ವಾಹನ ನೋಂದಣಿ ಕಚೇರಿಯ ಸಾಲಿನಲ್ಲಿ ದರ್ಜಿಯ ಮುಂದೆ ನಿಂತಿದ್ದವರು ನಿವೃತ್ತ ಬಸ್ ಡ್ರೈವರ್ ಮತ್ತು ಅವರ ಹೆಂಡತಿ. ಹೊಸ ಸ್ಕೂಟರಿಗೆ ನಂಬರ್ ಪಡೆಯಲು ಬಂದಿದ್ದರು. ಪರರ ಮಾತು ಕೇಳುವುದು ತಪ್ಪೆಂದು ದರ್ಜಿ ತನ್ನ ಅರ್ಜಿಯನ್ನು ಮೂರನೇ ಸಲ ಓದತೊಡಗಿದ. ಕಿವಿ ಮಾತ್ರ ಅಲ್ಲೇ ಇತ್ತು.

"ಅವರು ಕೊಟ್ಟ ನಂಬರ್ ಹಾಕಿಸ್ಕೊಂಡ್ರೆ ಆಯ್ತು ಕಣೇ."

"ನಲವತ್ತೇಳು ಹದಿನಾರೇ ಬೇಕು."

"ಅದು ನನ್ನ ಬಸ್ಸಿನ ನಂಬರು. ಬಸ್ಸೇ ಗುಜರಿಗೆ ಹೋಯ್ತು. ಓಡಿಸಿದ ನನಗೇ ಬೇಡ, ನಿನಗ್ಯಾಕೆ?"

"ನೀವು ಓಡಿಸಿದ್ರಿ, ಅಷ್ಟೆ. ಇಪ್ಪತ್ತೆರಡು ವರ್ಷ ಕಿಟಕೀಲಿ ನಿಂತು ನೋಡಿದೋಳು ನಾನು. ಎಲ್ಲಾ ಬಸ್ಸಿಗೂ ಒಂದೇ ಬಣ್ಣ. ತಿರುವಿನಲ್ಲಿ ಆ ನಂಬರ್ ಕಂಡ್ಮೇಲೇ ನನ್ನ ಜೀವ ಜಾಗಕ್ಕೆ ಬರ್ತಿತ್ತು."

ಡ್ರೈವರ್ ಕೈಯಲ್ಲಿದ್ದ ಹೆಲ್ಮೆಟ್ಟಿನ ಪಟ್ಟಿಯನ್ನು ಎಳೆದೆಳೆದು ನೋಡಿದರು.

"ಈಗ ಸ್ಕೂಟರ್ ತಾನೇ. ತರಕಾರಿ ತರೋಕೆ."

"ತರಕಾರಿಗೆ ಹೋದೋರೂ ವಾಪಸ್ ಬರ್ಬೇಕಲ್ಲ."

ಅಷ್ಟರಲ್ಲಿ ಅವರ ಸರದಿ ಬಂತು. ಗುಮಾಸ್ತ ಕಂಪ್ಯೂಟರ್ ನೋಡಿ ತಲೆಯಾಡಿಸಿದ. "ಈ ಸರಣಿಯಲ್ಲಿ ಆ ನಂಬರ್ ಬೇರೆಯವರಿಗೆ ಹೋಗ್ಬಿಟ್ಟಿದೆ ಅಮ್ಮಾ. ಮುಂದಿನ ಸರಣಿ ಶುರುವಾಗೋಕೆ ಮೂರು ತಿಂಗಳು ಬೇಕು."

"ಕೇಳಿಸ್ತಾ? ಅಲ್ಲೀವರೆಗೂ ಗಾಡಿ ಅಂಗಡೀಲೇ. ನಾನು ನಡ್ಕೊಂಡು ಓಡಾಡ್ಲಾ?"

"ಓಡಾಡಿ, ಹೊಟ್ಟೆ ಕರಗುತ್ತೆ. ಕಾಯೋದು ನನಗೇನು ಹೊಸದಾ?"

ಆಕೆ ಅರ್ಜಿಯನ್ನು ಮಡಚಿ ಚೀಲಕ್ಕಿಟ್ಟು ಹೊರಟೇಬಿಟ್ಟರು. ಹಿಂದೆಯೇ ಹೋದ ಡ್ರೈವರ್ ಬಾಗಿಲ ತನಕ ಹೋಗಿ ತಿರುಗಿ ಬಂದರು. ದರ್ಜಿಯ ಭುಜದ ಮೇಲಿಂದ ಬಾಗಿ ಗುಮಾಸ್ತನಿಗೆ ಮೆಲ್ಲಗೆ ಹೇಳಿದರು:

"ಮುಂದಿನ ಸರಣೀಲಿ ಅದನ್ನ ಬೇರೆ ಯಾರಿಗೂ ಕೊಟ್ಟುಬಿಡ್ಬೇಡಪ್ಪ."