ನೂರ ಹತ್ತೊಂಬತ್ತು ಎಂದವಳು

ಸಭೆಯ ಅಧ್ಯಕ್ಷರೂ, ಈ ಊರಿನ ಅರ್ಧ ಜನರ ಬಾಯಿಗೆ ಕೈ ಹಾಕಿದವರೂ ಆದ ದಂತವೈದ್ಯ ಕರ್ಟಿಸ್ ಲೀಬೆ ಅವರೇ, ಕ್ಲಬ್ಬಿನ ಸಮಿತಿಯ ಸದಸ್ಯರೇ, ಸೇಂಟ್ ವೆಂಡೆಲ್‌ನಿಂದ ಬಂದಿರುವ ನಮ್ಮ ಹಳೆಯ ಎದುರಾಳಿಗಳೇ, ಮೂರನೆಯ ಸಾಲಿನ ತುದಿಯ ಕುರ್ಚಿಯಲ್ಲಿ, ಯಾವ ಕ್ಷಣದಲ್ಲಾದರೂ ಎದ್ದು ಹೋಗುವಂತೆ ಕೋಟು ಬಿಚ್ಚದೆ ಕುಳಿತಿರುವ ಮಾರ್ನಿ ಹಾಗನ್ ಅವರೇ, ಮತ್ತು ಈ ಮುದುಕಿಯ ಮಾತು ಮುಗಿದರೆ ಸಾಕು, ಹಿಂದಿನ ಮೇಜಿನ ಕೊಲಾಚೆ ಸಿಹಿಬನ್ನಿಗೆ ಕೈ ಹಚ್ಚೋಣ ಎಂದು ಕಾದಿರುವ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಐವತ್ತಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದವಳಿಗೆ ಐದು ನಿಮಿಷ ಸಾಲದು. ಕರ್ಟಿಸ್, ಗಡಿಯಾರ ನೋಡಬೇಡಿ. ನಿಮ್ಮ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ನಾನೆಷ್ಟು ಹೊತ್ತು ಸುಮ್ಮನೆ ಬಿದ್ದುಕೊಂಡಿದ್ದೇನೆ ಎಂಬುದನ್ನು ನೆನೆಸಿಕೊಳ್ಳಿ.

ಬೀವರ್ ಫೋರ್ಕ್ ಬೇಸ್‌ಬಾಲ್ ತಂಡದ ಆಟಗಳಿಗೆ ನಾನು ಐವತ್ತೈದು ವರ್ಷ ಅಂಕ ಬರೆದೆ. ಮೈದಾನದ ಬಾಗಿಲಲ್ಲಿರುವ ಸಾಧಕರ ಫಲಕಕ್ಕೆ ಪ್ರತಿ ಏಪ್ರಿಲ್‌ನಲ್ಲಿ ಏಣಿ ಹತ್ತಿ ಬಣ್ಣ ಬಳಿದೆ. ಅದಕ್ಕಾಗಿ ನನಗೀಗ ಒಂದು ಗೋಡೆ ಗಡಿಯಾರ ಕೊಟ್ಟಿದ್ದೀರಿ. ಸಂತೋಷ. ಆದರೆ ಈ ಸಂಜೆಯ ಇನ್ನೊಂದು ಕಾರ್ಯಕ್ರಮವನ್ನು ಆಮಂತ್ರಣ ಪತ್ರಿಕೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದ್ದೀರಲ್ಲ, ಅದನ್ನು ನಾನು ದೊಡ್ಡದಾಗಿ ಓದುತ್ತೇನೆ. ಮೂವತ್ತೊಂದು ವರ್ಷ ಈ ತಂಡದ ಮ್ಯಾನೇಜರ್ ಆಗಿದ್ದು, ಎರಡು ಚಳಿಗಾಲದ ಹಿಂದೆ ತೀರಿಕೊಂಡ ಓರ್ವಿಲ್ ಹಾಗನ್ ಅವರ ಹೆಸರನ್ನು ಫಲಕದಿಂದ ಅಳಿಸಿಹಾಕುವುದು. ನನ್ನ ಬೆನ್ನ ಹಿಂದೆ ಬಟ್ಟೆ ಹೊದ್ದು ನಿಂತಿರುವುದು ಆ ಹೊಸ ಫಲಕ.

ಯಾಕೆ ಅಳಿಸಬೇಕು? ಯಾಕೆಂದರೆ 1971ರ ಆಗಸ್ಟ್‌ನ ಒಂದು ಭಾನುವಾರ ನನ್ನ ಅಣ್ಣ ಡೆಲ್ಮರ್ ವೊಂಡ್ರಾ ಇದೇ ಸೇಂಟ್ ವೆಂಡೆಲ್ ವಿರುದ್ಧ ಒಬ್ಬನೇ ಹದಿಮೂರು ಇನಿಂಗ್ಸ್ ಎಸೆದ. ನೂರ ಎಂಬತ್ತೇಳು ಎಸೆತ. ಆಮೇಲೆ ಆ ತೋಳು ತೋಳಾಗಿ ಉಳಿಯಲಿಲ್ಲ. ಅಷ್ಟು ಎಸೆಯಲು ಬಿಟ್ಟ ಮ್ಯಾನೇಜರ್ ಕಟುಕ ಎಂದು ಸಮಿತಿ ತೀರ್ಮಾನಿಸಿದೆ. ಅದಕ್ಕೆ ಸಾಕ್ಷಿ ಯಾವುದು? ನನ್ನ ಪುಸ್ತಕ. ನನ್ನ ಕೈಬರಹದ 187.

ಹಾಗಾದರೆ ಸಭಿಕರೇ, ಆ ಪುಸ್ತಕ ಬರೆದವಳನ್ನು ಒಂದು ಮಾತು ಕೇಳಬೇಡವೇ? ನೀವು ಕೇಳಲಿಲ್ಲ. ನಾನೇ ಹೇಳಲು ಬಂದಿದ್ದೇನೆ. ನಾನು ಸನ್ಮಾನಕ್ಕೆ ಬಂದವಳಲ್ಲ, ಜಗಳಕ್ಕೆ ಬಂದಿದ್ದೇನೆ.

ನನಗಿಂತ ಮೊದಲು ನಮ್ಮ ಅಂಕಿಅಂಶದ ಡೇನ್ ಪರದೆಯ ಮೇಲೆ ಚೆಂದದ ಗೆರೆಗಳನ್ನು ತೋರಿಸಿದರು. ಆಗ ದೊಡ್ಡ ಲೀಗಿನಲ್ಲಿ ಒಂದೇ ವರ್ಷಕ್ಕೆ ಮೂವತ್ತು ಪಂದ್ಯಗಳನ್ನು ಮೊದಲಿಂದ ಕೊನೆಯವರೆಗೆ ತಾನೇ ಎಸೆದು ಮುಗಿಸಿದವನು ಪಟ್ಟಿಯ ತುದಿಯಲ್ಲಿರುತ್ತಿದ್ದ. ಈಗ ಎರಡೋ ಮೂರೋ ಮುಗಿಸಿದರೆ ಅವನೇ ಮೊದಲಿಗ. ಈಗ ಚೆಂಡು ಎಸೆಯುವ ಪಿಚರ್ ನೂರು ಎಸೆತ ಮುಟ್ಟುವಷ್ಟರಲ್ಲಿ ಮ್ಯಾನೇಜರ್ ಅವನು ನಿಂತ ದಿಬ್ಬದ ಮೇಲೆ ಬಂದು, ಸಾಕು ಎಂದು ಚೆಂಡಿಗೆ ಕೈ ಚಾಚುತ್ತಾನೆ. ಎಲ್ಲ ಸರಿಯಾಗಿಯೇ ಹೇಳಿದರು. ಆದರೆ ಕೊನೆಗೊಂದು ಮಾತು ಸೇರಿಸಿದರು: ‘ಆಗಿನ ಕಾಲದಲ್ಲಿ ಯಾರೂ ಎಣಿಸ್ತಾ ಇರಲಿಲ್ಲ.’

ಯಾರೂ? ಮತ್ತೆ ನಾನು ಯಾರು, ಡೇನ್?

ನಾನು ಎಣಿಸುತ್ತಿದ್ದೆ. ಮೈದಾನದ ತಂತಿಬಲೆಯ ಹಿಂದಿನ ಹಲಗೆಯ ಗೂಡಿನಲ್ಲಿ, ಮಡಿಲಲ್ಲಿ ಎರಡು ಕಾಫಿ ಡಬ್ಬಿ ಇಟ್ಟುಕೊಂಡು ಕೂರುತ್ತಿದ್ದೆ. ಒಂದರ ತುಂಬ ಮುಸುಕಿನ ಜೋಳದ ಕಾಳು. ಒಂದು ಎಸೆತಕ್ಕೆ ಒಂದು ಕಾಳು ಈ ಡಬ್ಬಿಯಿಂದ ಆ ಡಬ್ಬಿಗೆ. ಇನಿಂಗ್ಸ್ ಮುಗಿದ ಮೇಲೆ ಎಣಿಸಿ ಪುಸ್ತಕದ ಅಂಚಿಗೆ ಬರೆಯುವುದು. ಹುಡುಗರು ನನ್ನನ್ನು ‘ಕೋಳಿ’ ಎಂದು ಕರೆಯುತ್ತಿದ್ದರು. ಅವರಲ್ಲಿ ಇಬ್ಬರು ಇಲ್ಲೇ ಇದ್ದಾರೆ, ಕೂದಲಿಲ್ಲದ ತಲೆ ತಗ್ಗಿಸಿಕೊಂಡು.

ಯಾಕೆ ಎಣಿಸುತ್ತಿದ್ದೆ? ನನ್ನ ಅಮ್ಮ ಲಿಬ್ಬಿ ಹೇಳಿದ್ದಳು. ಅದಕ್ಕೂ ಹಿಂದಿನ ಬೇಸಗೆಯಲ್ಲಿ ಡೆಲ್ಮರ್‌ನ ಮೊಣಕೈ ಊದಿಕೊಂಡಿತ್ತು. ಅಮ್ಮ ಹಿಟ್ಟಿನ ಕೈಯಲ್ಲೇ ಹಾಗನ್ ಅವರ ಮನೆಗೆ ಹೋಗಿ ಬಾಗಿಲು ತಟ್ಟಿದಳು. ಜೊತೆಗೆ ನಾನೂ ಇದ್ದೆ.

‘ನೋಡು ಓರ್ವಿಲ್, ನನ್ನ ಮಗ ಇನ್ಮೇಲೆ ನೂರ ಮೂವತ್ತರ ಮೇಲೆ ಒಂದೇ ಒಂದು ಎಸೀಬಾರ್ದು. ಎಣಿಸೋಕೆ ಇವಳಿದಾಳೆ. ಕೇಳೋದು ನಿನ್ನ ಕೆಲಸ.’

‘ಆಯ್ತಮ್ಮ ಲಿಬ್ಬಿ, ಕೇಳ್ತೀನಿ.’

ಮೂವತ್ತೊಂದು ವರ್ಷ ಎಲ್ಲರ ಮೇಲೂ ರೇಗುತ್ತಿದ್ದ ಆ ಮನುಷ್ಯ ಅವತ್ತು ಹಿಟ್ಟು ಮೆತ್ತಿದ ಕೈಗೆ ಕೈ ಕೊಟ್ಟು ಮಾತು ಕೊಟ್ಟರು. ನೀವು ಕಟುಕ ಎನ್ನುತ್ತಿರುವುದು ಈ ಮನುಷ್ಯನನ್ನು.

ಈಗ ಆ ಭಾನುವಾರ. ನಮ್ಮ ಊರಿನ ಬೆಂಚಿನ ಮೇಲೆ ಯಾರೂ ಅದುವರೆಗೆ ಕಂಡಿರದ ಒಬ್ಬ ಹುಲ್ಲಿನ ಟೋಪಿಯವನು ಕುಳಿತಿದ್ದ. ದೊಡ್ಡ ಕ್ಲಬ್ಬಿಗೆ ಆಟಗಾರರನ್ನು ಹುಡುಕುವವನು ಎಂದು ಒಂದೇ ಗಳಿಗೆಯಲ್ಲಿ ಮೈದಾನಕ್ಕೆಲ್ಲ ಗೊತ್ತಾಯಿತು. ಡೆಲ್ಮರ್ ನನ್ನ ಗೂಡಿನ ಹತ್ತಿರ ಬಂದ.

‘ಏ ಅರ್ಡಿಸ್, ಇವತ್ತೇನಾದ್ರೂ ನೂರ ಮೂವತ್ತು ಅಂತ ಬಾಯಿ ಬಿಟ್ಯೋ, ಜನ್ಮದಲ್ಲಿ ನಿನ್ನ ಹತ್ರ ಮಾತಾಡಲ್ಲ ಕಣೇ.’

ಇದನ್ನು ಹೇಳಬೇಕೆಂದು ನಾನು ಬಂದಿರಲಿಲ್ಲ. ಬಾಯಿಂದ ಬಂದುಬಿಟ್ಟಿತು. ಡೆಲ್ಮರ್ ಮೊದಲ ಸಾಲಿನಲ್ಲೇ ಇದ್ದಾನೆ, ನೋಡಿ, ಎಡಗೈ ಎತ್ತಿ ‘ಹೇಳು ಹೇಳು’ ಅನ್ನುತ್ತಿದ್ದಾನೆ. ಇರಲಿ.

ಪಂದ್ಯ ಮುಗಿಯಬೇಕಾದ ಒಂಬತ್ತು ಇನಿಂಗ್ಸ್ ಮುಗಿದಾಗ ಎರಡೂ ಕಡೆ ಸೊನ್ನೆ, ಒಬ್ಬರು ಗೆಲ್ಲುವವರೆಗೆ ಆಡಲೇಬೇಕು. ಎರಡನೆಯ ಡಬ್ಬಿಯಲ್ಲಿ ನೂರ ಮೂವತ್ತೊಂದು ಕಾಳು. ಹಾಗನ್ ತಂತಿಬಲೆಯ ಹತ್ತಿರ ಬಂದರು.

‘ಎಷ್ಟಾಯ್ತು ಪುಟ್ಟಿ?’

ನಾನು ಡಬ್ಬಿಯ ಬಾಯಿಗೆ ಅಂಗೈ ಮುಚ್ಚಿದೆ. ‘ತೊಂಬತ್ತು.’

‘ಅಷ್ಟೇನಾ? ಬಿಸಿಲಿಗೆ ನನಗೇ ಜಾಸ್ತಿ ಅನ್ನಿಸ್ತಿದೆ ಅನ್ನು.’

ಹೌದು, ಸಭಿಕರೇ. ಅವರು ಕೇಳಿದರು. ನಾನು ಸುಳ್ಳು ಹೇಳಿದೆ. ಪುಸ್ತಕದಲ್ಲಿ ಸುಳ್ಳು ಬರೆಯಲು ಕೈ ಬರಲಿಲ್ಲ, ಬಾಯಲ್ಲಿ ಸಲೀಸಾಗಿ ಬಂತು. ಹನ್ನೆರಡು ಇನಿಂಗ್ಸ್ ಮುಗಿದಾಗ ಅವರು ಮತ್ತೆ ಬಂದರು. ಮುಖ ಬಾಡಿತ್ತು. ಡಬ್ಬಿಯಲ್ಲಿದ್ದದ್ದು ನೂರ ಎಪ್ಪತ್ತನಾಲ್ಕು.

‘ಅರ್ಡಿಸ್, ಸರಿಯಾಗಿ ಎಣಿಸಿದೀಯಾ? ನಿಮ್ಮಮ್ಮನಿಗೆ ಮಾತು ಕೊಟ್ಟಿದೀನಿ.’

‘ನೂರ ಹತ್ತೊಂಬತ್ತು.’

‘ಖಂಡಿತಾ?’

‘ಖಂಡಿತಾ. ಎಣಿಸೋಳು ನಾನೋ ನೀವೋ?’

ಪಾಪ, ಹಾಗನ್ ನಕ್ಕುಬಿಟ್ಟರು. ಬೆಂಚಿಗೆ ವಾಪಸು ಹೋದರು. ಡೆಲ್ಮರ್ ಇನ್ನೂ ಹದಿಮೂರು ಎಸೆತ ಎಸೆದ. ಒಂದು–ಸೊನ್ನೆಯಲ್ಲಿ ಗೆದ್ದೆವು.

ಇಷ್ಟು ದಿನ ನನಗೆ ನಾನೇ ಹೇಳಿಕೊಂಡ ಸಮಾಧಾನ ಒಂದಿದೆ. ಅಣ್ಣನ ಭವಿಷ್ಯಕ್ಕಾಗಿ ಹೇಳಿದೆ, ಹುಲ್ಲಿನ ಟೋಪಿಯವನಿಗಾಗಿ ಹೇಳಿದೆ ಎಂದು. ನಿನ್ನೆ ಏಣಿಯ ಮೇಲೆ ನಿಂತು ಬಣ್ಣ ಬಳಿಯುತ್ತಿದ್ದಾಗ ಅದೂ ಸುಳ್ಳು ಎಂದು ಒಪ್ಪಿಕೊಂಡೆ. ಹತ್ತನೆಯ ಇನಿಂಗ್ಸ್ ಮುಗಿಯುವ ಮೊದಲೇ ಹುಲ್ಲಿನ ಟೋಪಿ ಎದ್ದು ಹೋಗಿತ್ತು. ಅವನ ಕಾರು ಧೂಳೆಬ್ಬಿಸಿಕೊಂಡು ಹೋದದ್ದನ್ನು ನನ್ನ ಎರಡು ಕಣ್ಣಿಂದ ನೋಡಿದ್ದೆ. ಡೆಲ್ಮರ್ ನೋಡಿರಲಿಲ್ಲ. ಹಾಗಾದರೆ ನೂರ ಹತ್ತೊಂಬತ್ತು ಎಂದು ಯಾರಿಗಾಗಿ ಹೇಳಿದೆ? ನನಗಾಗಿ. ಊರೆಲ್ಲ ಎದ್ದು ನಿಂತು ಅರಚುತ್ತಿತ್ತು. ಹದಿಮೂರು ಇನಿಂಗ್ಸ್ ಒಬ್ಬನೇ ಎಸೆದ ಪಂದ್ಯ ನನ್ನ ಪುಸ್ತಕದಲ್ಲಿ ಇರಬೇಕು ಎಂದು ನನಗೆ ಆಸೆಯಾಯಿತು. ಅಣ್ಣನ ತೋಳು ಆ ಹೊತ್ತಿಗೆ ನನಗೆ ನೆನಪೇ ಇರಲಿಲ್ಲ.

ನಿಮಗಿತ್ತೇ? ಕರ್ಟಿಸ್, ನಿಮ್ಮ ತಂದೆ ಲಾರಿಯ ಮೂತಿಯ ಮೇಲೆ ಹತ್ತಿ ಕುಣಿಯುತ್ತಿದ್ದರು. ಒಬ್ಬರಾದರೂ ಸಾಕು ಎಂದಿರಾ? ಮರುವರ್ಷ ಫಲಕದಲ್ಲಿ ಹದಿಮೂರು ಎಂದು ಕೆಂಪು ಬಣ್ಣದಲ್ಲಿ ಬರೆಸಿದವರು ಯಾರು? ಈಗ ಎಣಿಸುತ್ತೀರಿ, ಒಳ್ಳೆಯದೇ. ಆದರೆ ಈಗ ಯಾರ ಎಸೆತ ಎಷ್ಟು ವೇಗ ಎಂಬ ಪಟ್ಟಿ ಇಟ್ಟಿದ್ದೀರಿ, ಹುಡುಗರು ಒಂದೊಂದು ಎಸೆತಕ್ಕೂ ಮೈಯೆಲ್ಲ ಹಾಕಿ ಮೊಣಕೈ ಕೊಯ್ಯಿಸಿಕೊಳ್ಳುತ್ತಿದ್ದಾರೆ. ಪಟ್ಟಿಯಲ್ಲಿ ನಾವು ಏನನ್ನು ಮೇಲಿಡುತ್ತೇವೋ ಅದಕ್ಕೆ ಅವರು ತೋಳು ಕೊಡುತ್ತಾರೆ. ಇದು ಆಗಿನ ಕಾಲದ ತಪ್ಪು ಎಂದು ಕೈ ತೊಳೆದುಕೊಳ್ಳುವ ಹಕ್ಕು ಈ ಸಭೆಯಲ್ಲಿ ಯಾರಿಗೂ ಇಲ್ಲ.

ಮಂಗಳವಾರ ಡೆಲ್ಮರ್‌ಗೆ ಚಮಚ ಎತ್ತಲಾಗಲಿಲ್ಲ. ಅಮ್ಮ ನನ್ನ ಕಡೆ ತಿರುಗಿದಳು.

‘ಲೆಕ್ಕ ಹೇಳಿದ್ಯೇನೇ ಓರ್ವಿಲ್‌ಗೆ?’

‘ಹೇಳ್ದೆ ಅಮ್ಮ.’

ಬುಧವಾರ ಹಾಗನ್ ನಮ್ಮ ಮನೆಗೆ ಬಂದರು. ಅಮ್ಮ ಬಾಗಿಲಲ್ಲೇ ನಿಲ್ಲಿಸಿದಳು. ‘ಮಾತು ಕೊಟ್ಟು ತಪ್ಪಿದೆಯಲ್ಲ ಓರ್ವಿಲ್! ನನ್ನ ಮಗಳು ಲೆಕ್ಕ ಹೇಳಿದ್ಲಂತೆ. ಕೇಳಿಸ್ಲಿಲ್ವಾ ನಿನಗೆ?’

ನಾನು ಅಮ್ಮನ ಹಿಂದೆ ನಿಂತಿದ್ದೆ. ಹಾಗನ್ ಅಮ್ಮನ ಹೆಗಲ ಮೇಲಿಂದ ನನ್ನನ್ನು ನೋಡಿದರು. ಒಂದೇ ಸಲ. ಅವರಿಗೆ ಎಲ್ಲ ತಿಳಿದುಹೋಯಿತು. ಟೋಪಿ ತೆಗೆದರು.

‘ಹೇಳಿದ್ಲು ಲಿಬ್ಬಿ. ನಾನೇ ಕಿವಿಗೆ ಹಾಕ್ಕೊಳ್ಳಲಿಲ್ಲ. ತಪ್ಪು ನಂದೇ.’

ಅಮ್ಮ ಇನ್ನೂ ಹತ್ತೊಂಬತ್ತು ವರ್ಷ ಬದುಕಿದ್ದಳು. ಚರ್ಚಿನಲ್ಲಿ ಹಾಗನ್ ಕೊಟ್ಟ ಕಾಫಿ ಲೋಟವನ್ನು ಒಂದು ದಿನವೂ ಮುಟ್ಟಲಿಲ್ಲ. ಮಾರ್ನಿ, ಶಾಲೆಯಲ್ಲಿ ನಿಮ್ಮನ್ನು ‘ತೋಳು ಮುರಿದವನ ಮಗಳು’ ಎಂದು ಕರೆದದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಅಮ್ಮ ಸತ್ತ ಮೇಲೂ ಸುಮ್ಮನಿದ್ದೆ. ಊರು ನನ್ನನ್ನು ಎಂದೂ ತಪ್ಪು ಬರೆಯದವಳು ಎಂದು ಹೊಗಳುತ್ತಿತ್ತು, ನನಗದು ಹಿತವಾಗಿತ್ತು. ನಿಮ್ಮ ತಂದೆಯ ಶವದ ಮುಂದೆಯೂ ಬಾಯಿ ಬಿಡಲಿಲ್ಲ. ನನಗೆ ನಾಚಿಕೆಯಾಗುತ್ತದೆ. ಕ್ಷಮೆ ಕೇಳುವ ಯೋಗ್ಯತೆ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ಅಧ್ಯಕ್ಷರೇ, ಕುಳಿತುಕೊಳ್ಳಿ, ಮುಗಿಯಿತು. ಹಾಗನ್ ಹೆಸರು ಬಿಟ್ಟು ಫಲಕ ಬರೆ ಎಂದು ನನಗೆ ಪತ್ರ ಕಳಿಸಿದ್ದಿರಿ. ನಾನು ಪತ್ರವನ್ನು ಬಣ್ಣದ ಡಬ್ಬಿಯ ಕೆಳಗೆ ಹಾಸಿದೆ. ನಿನ್ನೆ ಬೆಳಿಗ್ಗೆ ಫಲಕ ಬರೆದೆ. ಏಣಿಯನ್ನು ಹಿಡಿದುಕೊಂಡವನು ಡೆಲ್ಮರ್, ನಲವತ್ತು ವರ್ಷ ಊರಿಗೆಲ್ಲ ಅಂಚೆ ಹಂಚಿದ ಆ ಎಡಗೈಯಲ್ಲಿ. ‘ನನ್ನ ಬೆದರಿಕೆನೂ ಬರಿಯೇ’ ಅಂದ. ಜಾಗವಿಲ್ಲ ಎಂದೆ.

ಅದರಲ್ಲಿ ಏನಿದೆ ಎಂದು ಈಗಲೇ ಹೇಳುತ್ತೇನೆ, ಬಟ್ಟೆ ಸರಿದ ಮೇಲೂ ಹಿಂದಿನ ಸಾಲಿನವರಿಗೆ ಕಾಣಲಿಕ್ಕಿಲ್ಲ. ‘ಅತಿ ದೀರ್ಘ ಪಂದ್ಯ ಎಸೆದವನು: ಡೆಲ್ಮರ್ ವೊಂಡ್ರಾ, ಹದಿಮೂರು ಇನಿಂಗ್ಸ್, ನೂರ ಎಂಬತ್ತೇಳು ಎಸೆತ. ಮ್ಯಾನೇಜರ್: ಓರ್ವಿಲ್ ಹಾಗನ್. ಎರಡು ಸಲ ಕೇಳಿದರು. ಎಣಿಸಿದವಳು: ಅರ್ಡಿಸ್ ವೊಂಡ್ರಾ. ನೂರ ಹತ್ತೊಂಬತ್ತು ಎಂದಳು.’

ಅಳಿಸುವುದಾದರೆ ಅಳಿಸಿ. ಬಣ್ಣ ಬಳಿಯಲು ಬೇರೆಯವರನ್ನು ಹುಡುಕಿಕೊಳ್ಳಿ, ನನ್ನ ಏಣಿ ಕೊಡುವುದಿಲ್ಲ. ಅಳಿಸಿದ ಮರುದಿನ ಬಂದು ಮತ್ತೆ ಬರೆಯುತ್ತೇನೆ. ನನಗೆ ಎಪ್ಪತ್ತಮೂರು, ಮಂಡಿ ಇನ್ನೂ ಗಟ್ಟಿಯಿದೆ. ಈ ಗೋಡೆ ಗಡಿಯಾರವನ್ನು ಇಲ್ಲೇ ಮೇಜಿನ ಮೇಲೆ ಬಿಟ್ಟು ಹೋಗುತ್ತಿದ್ದೇನೆ.

ಫಲಕದ ಹಗ್ಗವನ್ನು ಅಧ್ಯಕ್ಷರು ಎಳೆಯಬೇಕೆಂದು ಕಾರ್ಯಕ್ರಮದಲ್ಲಿ ಬರೆದಿದೆ. ಅದನ್ನು ಎಳೆಯಬೇಕಾದವರು ಕೋಟು ಹಾಕಿಕೊಂಡು ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ. ಮಾರ್ನಿ, ಬನ್ನಿ. ಬಣ್ಣ ಒಣಗಿದೆ, ನಾನೇ ಮುಟ್ಟಿ ನೋಡಿದ್ದೇನೆ. ನೀವು ಬಂದು ಎಳೆಯುವವರೆಗೆ ನಾನು ಈ ಮೈಕಿನ ಮುಂದೆ ಹೀಗೇ ನಿಂತಿರುತ್ತೇನೆ. ಇಲ್ಲಿಯವರೆಗೆ ನನ್ನನ್ನು ಸಹಿಸಿಕೊಂಡ ನಿಮಗೆಲ್ಲ ವಂದನೆಗಳು. ನಿಮಗೆ, ಮಾರ್ನಿ, ಮತ್ತು ನಿಮ್ಮ ತಂದೆಗೆ, ತಲೆ ತಗ್ಗಿಸಿ ನನ್ನ ನಮಸ್ಕಾರ.