ಎಲ್ಲರೂ ಬಂದಾಯ್ತು ಅಂದ್ಕೊಂಡಿದ್ವಿ

ಮಾನ್ಯ ಅಧ್ಯಕ್ಷರೇ, ಅಷ್ಟು ದೂರದಿಂದ ಬಂದಿರೋ ಅತಿಥಿಗಳೇ, ಬೆರಳ ತುದೀಲಿ ಮೆಷಿನ್ ಎಣ್ಣೆ ಹಾಗೇ ಉಳಿಸ್ಕೊಂಡು ಬಂದು ಕೂತಿರೋ ನನ್ನ ಪ್ರೀತಿಯ ಸಭಿಕರೇ,

ಐದು ನಿಮಿಷದಲ್ಲಿ ಮುಗಿಸಿ ಅಂತ ಅಧ್ಯಕ್ಷರು ಕಿವೀಲಿ ಹೇಳಿದ್ದಾರೆ. ನಗಬೇಡಿ. ನನ್ನ ವಾಯ್ಸ್ ನೋಟ್ ಕೇಳಿದೋರಿಗೆ ಗೊತ್ತು, ಐದು ನಿಮಿಷದಲ್ಲಿ ನಾನು ಗಂಟಲು ಸರಿಮಾಡ್ಕೊಂಡು ಮುಗಿಸಿರ್ತೀನಿ ಅಷ್ಟೆ. ಮನೇಲಿ ನಮ್ಮವಳು ಹೇಳ್ತಾಳೆ, "ನನ್ನ ಹತ್ರ ದಿನಕ್ಕೆ ನಾಲ್ಕು ಮಾತು, ಆ ಫೋನಿನ ಹತ್ರ ನಾನೂರು." ಇರಲಿ, ಆ ವಿಷಯ ಇವತ್ತು ಬೇಡ.

ಹೊಲಿಗೆ ಮೆಷಿನ್ ರಿಪೇರಿ ಮಾಡೋರದು ಒಂಟಿ ಕೆಲಸ. ಅಂಗಡೀಲಿ ನಾವು, ಎದುರಿಗೆ ಬಿಚ್ಚಿಟ್ಟ ಮೆಷಿನ್, ಅಷ್ಟೆ. ಅಂಥ ನಾವು ಒಂಬತ್ತು ವರ್ಷ ಫೋನಿನ ಒಂದು ಆ್ಯಪಲ್ಲಿ, ಈಗ ಹಳೇ ಜಾಗ ಅಂತೀವಲ್ಲಾ, ಅಲ್ಲಿ ಒಂದು ಗುಂಪು ಕಟ್ಕೊಂಡು ಬದುಕಿದ್ವಿ. ಮೆಷಿನ್ ಓಡೋ ಸದ್ದು ರೆಕಾರ್ಡ್ ಮಾಡಿ ಹಾಕೋದು, ಇನ್ಯಾರೋ ಕೇಳಿ "ಸೂಜಿ ಬಗ್ಗಿದೆ", "ಶಟಲ್ ಒಳಗೆ ನೂಲು ಸಿಕ್ಕಿದೆ" ಅಂತ ಬಾಯಲ್ಲೇ ಹೇಳೋದು. ಯಾರಾದ್ರೂ ಬರೀತಿದ್ರಾ? ಎಣ್ಣೆ ಕೈಯಲ್ಲಿ ಯಾರು ಬರೀತಾರೆ ಸ್ವಾಮಿ!

ಆಮೇಲೆ ಆ ಜಾಗ ಕೆಟ್ಟಿತು. ಜಾಹೀರಾತು ಬಂತು, ಸುಳ್ಳು ಹೆಸರಿನೋರು ಬಂದ್ರು, ಇವತ್ತು ಕೇಳಿದ ಪ್ರಶ್ನೆ ಹತ್ತು ದಿನ ಆದ್ಮೇಲೆ ಕಾಣಿಸ್ತಿತ್ತು. ಅದಕ್ಕೇ ಬಿಟ್ವಿ. ನಾನೂ ಅದಕ್ಕೇ ಬಿಟ್ಟೆ. ಒಂದು ಕಾಲಕ್ಕೆ ನನ್ನ ನೋಟನ್ನ ಮುನ್ನೂರು ಜನ ಕೇಳ್ತಿದ್ರು, ಕೊನೆಕೊನೆಗೆ ಹನ್ನೊಂದು. ದಿನಾ ಬೆಳಿಗ್ಗೆ ಎದ್ದು ಎಣಿಸ್ತಿದ್ದೆ. ಅದಕ್ಕೂ ಬಿಟ್ಟಿದ್ದಕ್ಕೂ ಸಂಬಂಧ ಇಲ್ಲ ಅಂತಲೇ ಇಷ್ಟು ದಿನ ಹೇಳ್ಕೊಂಡು ಬಂದಿದ್ದೀನಿ.

ಹೊಸ ಜಾಗ ಹುಡುಕಿದ್ದು ನಾನು. ಮೂರು ಕಡೆ ಹೋಗಿ ನೋಡಿದೆ. ಒಂದು ಕಡೆ ಬರೀ ಜಗಳ, ಇನ್ನೊಂದು ಕಡೆ ಬರೀ ಗುಡ್ ಮಾರ್ನಿಂಗ್. ಮೂರನೇದು ಇದು. ಜಾಹೀರಾತಿಲ್ಲ, ಅಚ್ಚುಕಟ್ಟು. ಅಧ್ಯಕ್ಷರು ಕೂತು ನಿಯಮ ಬರೆದ್ರು. ನಿಯಮ ಒಂದು, ಯಾರೂ ಯಾರನ್ನೂ ಬೈಬಾರದು. ನಿಯಮ ಎರಡು, ಪ್ರಶ್ನೆ ಉತ್ತರ ಎಲ್ಲಾ ಬರವಣಿಗೇಲೇ ಇರಬೇಕು, ಆಗ ಹುಡುಕಿದ್ರೆ ಸಿಗುತ್ತೆ. ಮೊದಲು ಕೈ ಎತ್ತಿದ್ದು ಯಾರು? ನಾನೇ. ನನ್ನ ಮಗಳು ಟೈಪ್ ಮಾಡಿಕೊಡ್ತಿದ್ಲು, ನನ್ನ ಮಾತು ಪುಸ್ತಕದ ಥರ ಕಾಣ್ತಿತ್ತು. "ಮಾರ್ಗದರ್ಶಕರು" ಅಂತ ಹೆಸರಿನ ಪಕ್ಕ ಬಂತು. ಯಾರಿಗೆ ಬೇಡ ಹೇಳಿ?

ಹೊರಡೋ ದಿನ ಹಳೇ ಗುಂಪಲ್ಲಿ, ಎಲ್ಲರೂ ಹೊಸ ಜಾಗಕ್ಕೆ ಬನ್ನಿ ಅಂತ ಒಂದು ಸೂಚನೆ ಹಾಕಿದ್ವಿ. ಬಾಯಲ್ಲಿ ಹೇಳಿದ್ರೆ ಗೌರವ ಇರಲ್ಲ ಅಂತ, ಒಂಬತ್ತು ವರ್ಷದಲ್ಲಿ ಮೊದಲನೇ ಸಲ, ಚಂದದ ಅಕ್ಷರದಲ್ಲಿ, ಸುತ್ತ ಹೂವಿನ ಅಂಚು ಬಿಡಿಸಿ ಹಾಕಿದ್ವಿ. ಮುನ್ನೂರ ನಲವತ್ತು ಜನ ಬಂದ್ರು. ಎಲ್ಲರೂ ಬಂದಾಯ್ತು ಅಂದ್ಕೊಂಡ್ವಿ.

ಹೋದ ತಿಂಗಳು ಒಂದು ಹಳೇ ರೆಕಾರ್ಡಿಂಗ್ ಬೇಕಾಗಿತ್ತು. ನಾಲ್ಕು ತಿಂಗಳಾದ್ಮೇಲೆ ಹಳೇ ಗುಂಪು ತೆಗೆದೆ. ನಮ್ಮ ಸೂಚನೆ ಕೆಳಗೆ ನಲವತ್ತೊಂದು ವಾಯ್ಸ್ ನೋಟು. ಎಲ್ಲಾ ಒಬ್ಬರದೇ. ಟಕಟಕ ಅಕ್ಕನದು.

ಹಳಬರಿಗೆ ಅಕ್ಕ ಗೊತ್ತು. ಸ್ಕೂಲ್ ಬ್ಯಾಗ್ ಹೊಲಿಯೋ ಶೆಡ್ಡಲ್ಲಿ ಆರು ಮೆಷಿನ್ ನೋಡ್ಕೊಳ್ತಾರೆ. ಅವರ ನೋಟಲ್ಲಿ ಮೊದಲು ಮೆಷಿನ್ ಸದ್ದು, ಆಮೇಲೆ ಮಾತು, ಅದಕ್ಕೇ ಆ ಹೆಸರು. ಕೆಲಸ ಕಲಿತಿದ್ದೇ ನಮ್ಮ ನೋಟು ಕೇಳಿ ಕೇಳಿ.

ಮೊದಲನೇ ನೋಟು: "ಶುಭಾಶಯ ಕಣ್ರಪ್ಪಾ, ಹುಡುಗ ಹುಡುಗಿ ಚೆನ್ನಾಗಿ ಬಾಳ್ಲಿ." ನನಗೆ ತಲೆಬುಡ ಅರ್ಥ ಆಗ್ಲಿಲ್ಲ. ಎರಡನೇದು: "ಅಣ್ಣಾ, ಇದನ್ನ ಕೇಳಿ, ಮೂರನೇ ಮೆಷಿನ್ನು ಹೊಟ್ಟೆನೋವು ಬಂದೋರ ಥರ ನರಳ್ತಿದೆ." ಆಮೇಲೆ: "ಏನ್ರೋ, ಎಲ್ಲಾರೂ ಒಟ್ಟಿಗೇ ಮಲಗಿಬಿಟ್ರಾ?" ಹದಿನೈದನೇದೋ ಹದಿನಾರನೇದೋ: "ಅಣ್ಣನ ಹನ್ನೆರಡು ನಿಮಿಷದ ನೋಟಿಗೆ 'ಕೇಳೋಷ್ಟರಲ್ಲಿ ನನ್ನ ಕಾಫಿ ಆರಿಹೋಯ್ತು' ಅಂದಿದ್ನಲ್ಲಾ, ಅದಕ್ಕೆ ಎಲ್ಲಾರಿಗೂ ಬೇಜಾರಾಯ್ತಾ? ತಮಾಷೆಗೆ ಅಂದಿದ್ದು ಕಣಣ್ಣಾ." ಕೊನೇದು: "ಮೂರನೇ ಮೆಷಿನ್ ನಾನೇ ಬಿಚ್ಚಿದೆ. ಸರಿಹೋಯ್ತು. ಯಾರಿಗಾದ್ರೂ ಹೇಳ್ಬೇಕಲ್ಲಾ, ಅದಕ್ಕೆ ಇಲ್ಲಿ ಹೇಳ್ತಿದ್ದೀನಿ."

ಅವತ್ತೇ ಫೋನ್ ಮಾಡಿದೆ. "ಅಕ್ಕಾ, ಸೂಚನೆ ಹಾಕಿದ್ವಲ್ಲಾ?" ಅಂದೆ. ಅಕ್ಕ ಅಂದ್ರು, "ಅದಾ? ಹೂವಿತ್ತಲ್ಲಪ್ಪಾ ಸುತ್ತ, ಯಾರದೋ ಮದುವೆ ಕಾಗದ ಅಂದ್ಕೊಂಡೆ. ನನಗೆ ಓದಕ್ಕೆ ಬರಲ್ಲ."

ಒಂಬತ್ತು ವರ್ಷ, ಸಭಿಕರೇ! ಒಂಬತ್ತು ವರ್ಷ ನಮಗ್ಯಾರಿಗೂ ಇದು ಗೊತ್ತಾಗಿರಲಿಲ್ಲ. ಗೊತ್ತಾಗೋ ಅಗತ್ಯ ಬಿದ್ದಿರಲಿಲ್ಲ. ಅಷ್ಟು ಒಳ್ಳೇ ಜಾಗ ಅದು. ಆ ಹನ್ನೊಂದು ಜನ ಅಂದ್ನಲ್ಲಾ, ಹೋಗಿ ನೋಡಿದೆ, ಪ್ರತಿ ಸಲ ಅದರಲ್ಲಿ ಒಬ್ಬರು ಅಕ್ಕ. ಪೂರ್ತಿ ಕೇಳಿದ್ದಾರೆ. ನಾನೇ ಪೂರ್ತಿ ಕೇಳಿಲ್ಲ ನನ್ನ ನೋಟನ್ನ.

"ಹೊಸ ಜಾಗಕ್ಕೆ ಬನ್ನಿ ಅಕ್ಕಾ" ಅಂದೆ, ಅಲ್ಲಿನ ನಿಯಮಾನೂ ಹೇಳಿದೆ. "ಅಲ್ಲಿ ಬರೀಬೇಕಂತೆ ಅಂತೀಯ, ನಾನೇನು ಗೋಡೆ ಥರ ನಿಂತ್ಕೊಳ್ಳಕ್ಕೆ ಬರ್ಲಾ?" ಅಂದ್ರು.

ಎಲ್ಲರನ್ನೂ ದಡ ಮುಟ್ಟಿಸಿದೆ ಅಂತ ಈಗ ನನಗೆ ಈ ಫಲಕ ಕೊಟ್ಟಿದ್ದೀರಿ. ಎಲ್ಲಿ ಮುಟ್ಟಿಸಿದೆ? ಆದ್ದರಿಂದ ಅಧ್ಯಕ್ಷರೇ, ನಿಯಮ ಎರಡು ಹೋಗಬೇಕು. ಹುಡುಕಕ್ಕೆ ಕಷ್ಟ ಅಂತೀರಿ, ಒಪ್ಪಿದೆ. ಬಾಯಲ್ಲಿ ಬಂದಿದ್ದನ್ನ ದಿನಾ ಬೆಳಿಗ್ಗೆ ಒಂದು ಗಂಟೆ ಕೂತು ನಾನೇ ಬರೆದಿಡ್ತೀನಿ. ಮಗಳ ಕೈಲಲ್ಲ, ನನ್ನ ಇದೇ ಎರಡು ಬೆರಳಲ್ಲಿ. ಉತ್ತರಾನೂ ಬಾಯಲ್ಲೇ ಕೊಡಣ. ಆಗಲ್ಲ ಅಂದ್ರೆ ಫಲಕ ಈ ಮೇಜಿನ ಮೇಲೇ ಇರಲಿ, ನಾನು ಹಳೇ ಜಾಗಕ್ಕೆ ಹೊರಟೆ. ಇಬ್ಬರಿದ್ರೂ ಗುಂಪೇ.

ಒಪ್ಪೋರು ಕೈ ಎತ್ತಿ. ಇಲ್ಲೇ, ಈಗಲೇ.

ಹಿಂದಿನ ಸಾಲು ಪೂರ್ತಿ... ಚರ್ಮದ ಕೆಲಸದ ಅಣ್ಣ, ಎರಡೂ ಕೈ ಎತ್ತಬೇಡಿ, ಒಂದೇ ಲೆಕ್ಕ. ಮಧ್ಯದ ಸಾಲು ಯೋಚನೆ ಮಾಡ್ತಿದೆ... ಹಾಂ, ಬಂತು. ಅಧ್ಯಕ್ಷರ ಕಡೆ ತಿರುಗಕ್ಕೆ ಧೈರ್ಯ ಸಾಲ್ತಿಲ್ಲ. ನೀವೇ ಹೇಳಿ, ಎತ್ತಿದ್ದಾರಾ? ಕನ್ನಡಕ ಸರಿಮಾಡ್ಕೊಳ್ಳಕ್ಕೆ ಎತ್ತಿದ್ದಲ್ಲ ತಾನೇ? ...ನಿಜವಾಗ್ಲೂ ಎತ್ತಿದ್ದಾರೆ ಅಂತೀರಾ? ಸಾಕು. ಸಾಕು ಸರ್.

ಇಷ್ಟು ಹೊತ್ತು ಸಹಿಸ್ಕೊಂಡು ಕೇಳಿದಿರಿ, ನಿಮ್ಮ ತಾಳ್ಮೆಗೆ ನಾನು ಋಣಿ. ಆದ್ರೆ ಈ ಮಾತೆಲ್ಲಾ ಜೇಬಲ್ಲಿರೋ ಫೋನಲ್ಲಿ ರೆಕಾರ್ಡ್ ಆಗ್ತಿದೆ, ಕೆಳಗಿಳಿದ ತಕ್ಷಣ ಹಳೇ ಗುಂಪಿಗೆ ಹಾಕ್ತೀನಿ. ಅದಕ್ಕೆ ಕೊನೇ ಎರಡು ಮಾತು ನಿಮಗಲ್ಲ.

ಅಕ್ಕಾ, ಅವತ್ತೇ ಬಾಯಲ್ಲಿ ಹೇಳಬೇಕಾಗಿತ್ತು, ಈಗ ಹೇಳ್ತೀನಿ ಕೇಳಿ. ನಾಳೆ ಬೆಳಿಗ್ಗೆ ನಾನು ಶೆಡ್ಡಿಗೆ ಬಂದು ನಿಮ್ಮ ಫೋನಲ್ಲಿ ಒಂದು ನೀಲಿ ಚೌಕ ಕೂರಿಸಿ ಕೊಡ್ತೀನಿ, ಹೊಸ ಜಾಗದ ಬಾಗಿಲು ಅದೇ. ಅದರೊಳಗೆ ಬಿಳೀ ಸೂಜಿ ಇರುತ್ತೆ, ಅಕ್ಷರ ನೋಡಲೇಬೇಡಿ. ಆ ಸೂಜಿ ಒತ್ತಿ, ಮಾತಾಡಿ. ನಾವೆಲ್ಲಾ ಅಲ್ಲೇ ಇದ್ದೀವಿ. ಮೂರನೇ ಮೆಷಿನ್ ಹೇಗೆ ಸರಿಮಾಡಿದ್ರಿ ಅಂತ ನಮಗಿನ್ನೂ ಗೊತ್ತಿಲ್ಲ.

ನಮಸ್ಕಾರ.