ಮೇಸ್ತ್ರಿ ಹೇಳಿದ ‘ಆಯ್ತು’

ಹಲೋ... ಹಲೋ, ಯಾರು ಮಾತಾಡ್ತಿರೋದು?... ಹಾಂ? ಸ್ವಲ್ಪ ಜೋರಾಗಿ ಹೇಳಿ, ಇಲ್ಲಿ ವಾಷಿಂಗ್ ಮಷೀನ್ ಒದರ್ತಿದೆ, ತಡೀರಿ, ಬಾಗಿಲು ಹಾಕ್ತೀನಿ...

ಅಯ್ಯೋ, ಬಡಗಿ ಮೇಸ್ತ್ರೀನಾ! ಬೇರೆ ನಂಬರಿಂದ ಬಂತಲ್ಲ, ಗೊತ್ತೇ ಆಗಲಿಲ್ಲ. ಯಾರ ಫೋನಿದು?... ವಾಚ್‌ಮನ್‌ದಾ? ನಿಮ್ಮದೇನಾಯ್ತು?... ಆಫೀಸಿನೋರು ಇಸ್ಕೊಂಡ್ರಾ? ವಿಚಾರಣೆ ಮುಗಿದ ಮೇಲೆ ಕೊಡ್ತಾರಂತಾ... ಹೂಂ.

ಇಲ್ಲ ಮೇಸ್ತ್ರಿ, ನಾನು ಮನೇಲೇ ಇದ್ದೀನಿ. ಮಗಳಿಗೆ ಜ್ವರ... ಇಲ್ಲ, ಅದಕ್ಕೋಸ್ಕರ ಅಲ್ಲ. ಸಾಹೇಬರೇ ಬೇಡ ಅಂದ್ರು. ‘ನೀವ್ಯಾಕೆ ಬರ್ತೀರಿ, ನಿಮ್ಮ ರಿಪೋರ್ಟ್ ಇದೆಯಲ್ಲ, ಅದು ಸಾಕು’ ಅಂದ್ರು. ಹಾಸ್ಟೆಲ್ ಕಟ್ಟಿಸ್ತಿರೋಳು ನಾನು, ಬಿದ್ದವನು ನಮ್ಮ ಪೇಂಟರ್ ಸಿಳ್ಳೆ, ವಿಚಾರಣೆಗೆ ನಾನೇ ಇಲ್ಲ. ಪ್ರಾಜೆಕ್ಟ್ ಮ್ಯಾನೇಜರ್ ಅಂತ ಗೇಟಲ್ಲಿ ಹೆಸರು ಬೇರೆ ಬರೆಸಿದ್ದಾರೆ, ಇಷ್ಟು ದಪ್ಪ ಅಕ್ಷರದಲ್ಲಿ.

ಸಿಳ್ಳೆ ಹೇಗಿದ್ದಾನೆ? ಬೆಳಿಗ್ಗೆ ಹೋಗಿದ್ರಾ ಆಸ್ಪತ್ರೆಗೆ?... ಹಾಂ... ಕಾಲು?... ಚಿವುಟಿದ್ರೂ ಗೊತ್ತಾಗ್ತಿಲ್ವಾ?...

ಅವನ ಹೆಂಡತಿ ಏನಂದಳು?... ಕೂರೋಕೆ ಸ್ಟೂಲ್ ಕೊಟ್ಟಳಾ ನಿಮಗೆ... ಬೈದುಬಿಟ್ಟಿದ್ರೆ ಎಷ್ಟೋ ಹಗುರ ಆಗ್ತಿತ್ತು, ಅಲ್ವಾ?

ಹೌದು, ಗೊತ್ತು. ಗೋಡೆಗೆ ಬಣ್ಣ ಸಮ ಬಂತಾ ಅಂತ ನೋಡೋಕೆ ಎರಡು ಹೆಜ್ಜೆ ಹಿಂದೆ ಇಟ್ಟಿದ್ದಾನೆ. ಎಲ್ಲಾ ಪೇಂಟರೂ ಇಡೋ ಹೆಜ್ಜೇನೇ. ಹಿಂದೆ ಲಿಫ್ಟಿನ ಬಾಗಿಲು, ಲಿಫ್ಟ್ ಇನ್ನೂ ಕೂರಿಸಿಲ್ಲದ ಖಾಲಿ ಗುಂಡಿ, ಅದಕ್ಕೆ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟಿತ್ತು. ಒಳಗೆ ಹಲಗೆ ಹೊಡೆದಿದೆ ಅಂದ್ಕೊಂಡ. ರಿಪೋರ್ಟ್ ನೋಡಿ ಸೈಟಿನೋರು ಅವನಿಗೆ ಹಾಗೆ ಹೇಳಿ ಕಳಿಸಿದ್ರಲ್ಲ, ಹಲಗೆ ಕೆಲಸ ಮುಗಿದಿದೆ ಅಂತ...

ಏನಂತಿದ್ದಾರೆ ಒಳಗೆ?... ನೀವು ಸುಳ್ಳು ಹೇಳಿದ್ರಿ ಅಂತಾನಾ? ಹೊಡೆಯದೇ ಹೊಡೆದೆ ಅಂದ್ರಿ ಅಂತಾ?... ರಿಪೋರ್ಟ್ ಓದಿ ತೋರಿಸಿದ್ರಾ? ಏನಿತ್ತು ಅದರಲ್ಲಿ?... ‘ಲಿಫ್ಟ್ ಬಾಗಿಲಿನ ಹಲಗೆ ಕೆಲಸ ಪೂರ್ಣಗೊಂಡಿದೆ, ಬಡಗಿ ಫೋನಿನಲ್ಲಿ ದೃಢಪಡಿಸಿದ್ದಾರೆ.’ ಹೂಂ. ಅದೇ. ನಾನೂ ಓದಿದ್ದೆ ಮೇಸ್ತ್ರಿ. ಕಾರಲ್ಲಿ, ಸಿಗ್ನಲ್ ಬಿಡೋದರೊಳಗೆ. ಎಷ್ಟು ಚೆಂದ ಬರೆದಿತ್ತು ಅಂದ್ರೆ ಅನುಮಾನಾನೇ ಬರಲಿಲ್ಲ.

ನನಗೆ ಗೊತ್ತಿಲ್ವಾ? ನಿಮ್ಮ ‘ಆಯ್ತು’ ನನಗೆ ಗೊತ್ತಿಲ್ವಾ ಮೇಸ್ತ್ರಿ? ನೀವು ‘ಆಯ್ತು ಮೇಡಮ್ಮ’ ಅಂದ್ರೆ ಉಳಿ ಇನ್ನೂ ಚೀಲದಿಂದ ಆಚೆ ಬಂದಿಲ್ಲ ಅಂತ ಅರ್ಥ. ಮಾಡ್ತೀನಿ ಬಿಡಿ, ತಲೆ ತಿನ್ನಬೇಡಿ ಅಂತ ಅರ್ಥ. ಕೆಲಸ ಮುಗಿದಿದ್ರೆ ನೀವು ಯಾವತ್ತಾದ್ರೂ ಆಯ್ತು ಅಂದಿದ್ದೀರಾ? ‘ಬಂದು ನೋಡಿ’ ಅಂತೀರ. ಸೊಕ್ಕಿನಿಂದ... ಹ್ಞೂಂ, ಸೊಕ್ಕೇ. ಒಂದು ಕಿಟಕಿ ಕೂರಿಸಿದ್ರೆ ಅರಮನೆ ಕಟ್ಟಿದವರ ಹಾಗೆ ನಿಂತ್ಕೊಳ್ಳೋರು...

ನಗಬೇಡಿ. ನೀವು ನಕ್ಕರೆ ನನಗೆ ಅಳು ಬರುತ್ತೆ.

ಹಾಂ?... ನಾನು ಬಂದು ಹೇಳಬೇಕಾ? ಏನಂತ?... ಆ ದಿನ ಸಂಜೆ ನಾನೇ ಫೋನ್ ಮಾಡಿ ಕೇಳಿದೆ, ನೀವು ಹೇಳಿದ್ದು ‘ಮಾಡ್ತೀನಿ’ ಅನ್ನೋ ಆಯ್ತು ಅಂತ...

ಅದು... ಮೇಸ್ತ್ರಿ, ಅದು ಹೇಗೆ ಹೇಳಲಿ...

ಕಂದಾ, ಥರ್ಮಾಮೀಟರ್ ಬಾಯಿಂದ ತೆಗೀಬೇಡ ಅಂದೆನಲ್ಲ. ಅಮ್ಮ ಫೋನಲ್ಲಿದ್ದೀನಿ... ಇಲ್ಲ, ಅಳ್ತಿಲ್ಲ. ಹೋಗು ಮಲಗು.

ಹಾಂ, ಹೇಳಿ. ಅವತ್ತು ಏನು ಕೇಳಿದ್ದು ನಿಮ್ಮನ್ನ? ಮಾತು ಇದ್ದದ್ದು ಇದ್ದ ಹಾಗೇ ಹೇಳಿ... ‘ಲಿಫ್ಟ್ ಬಾಗಿಲಿನ ಹಲಗೆ ಕೆಲಸ, ಮೇಸ್ತ್ರಿ?’ ಅಂತ. ಅಷ್ಟೇನಾ? ನೀವು ‘ಆಯ್ತು ಮೇಡಮ್ಮ’ ಅಂದ್ರಿ. ಆಮೇಲೆ?... ‘ಧನ್ಯವಾದ, ಶುಭ ಸಂಜೆ’ ಅಂತ ಇಟ್ಟುಬಿಟ್ಟೆನಾ. ನಿಮಗೇನೂ ಅನ್ನಿಸಲಿಲ್ವಾ? ಮೊಮ್ಮಗಳು ಹೇಗಿದ್ದಾಳೆ ಅಂತ ಕೇಳಲಿಲ್ಲ, ಹಲಗೆ ಬಂದಿದೆಯಾ ಅಂತ ಕೇಳಲಿಲ್ಲ... ಸುಸ್ತಾಗಿದ್ದೀನಿ ಅಂದ್ಕೊಂಡ್ರಾ?

ಅದು ನಾನಲ್ಲ, ಮೇಸ್ತ್ರಿ.

...ನಾನಲ್ಲ ಅಂದ್ರೆ ನಾನಲ್ಲ. ಎಐ ಅದು. ಕಂಪ್ಯೂಟರು. ನನ್ನ ಧ್ವನೀಲಿ ಮಾತಾಡೋದು ಕಲಿಸಿದ್ದೆ ಅದಕ್ಕೆ. ಅದೇ ನಿಮಗೆ ಫೋನ್ ಮಾಡ್ತು, ನೀವು ಅಂದದ್ದನ್ನ ಅದೇ ಕೇಳಿಸ್ಕೊಂಡು ಅದೇ ರಿಪೋರ್ಟ್ ಬರೀತು. ‘ಆಯ್ತು’ ಅಂದ್ರೆ ಮುಗೀತು ಅಂತ ಬರಕೊಂಡಿತು. ಅದರದೇನು ತಪ್ಪು ಹೇಳಿ? ನಿಮ್ಮ ಜೊತೆ ಹತ್ತು ವರ್ಷ ಕೆಲಸ ಮಾಡಿದೆಯಾ ಅದು?

ಹಾಂ?...

ಯಾವಾಗಿಂದ ಅಂದ್ರೆ... ಎರಡು ತಿಂಗಳಿಂದ. ಸಂಜೆ ಬರ್ತಿದ್ದ ಫೋನೆಲ್ಲಾ... ಎಲ್ಲಾ ಅಲ್ಲ, ಮುಕ್ಕಾಲು ಪಾಲು. ಮೊಮ್ಮಗಳಿಗೆ ಹಲ್ಲು ಬಂತು ಅಂತ ಹೇಳಿದ್ದು? ಯಾವಾಗ ಹೇಳಿದ್ರಿ?... ಹೋದ ವಾರ... ಅದು ನನಗೆ ಗೊತ್ತಿಲ್ಲ, ಮೇಸ್ತ್ರಿ. ಈಗಲೇ ಕೇಳ್ತಿರೋದು. ನಾನೇನಂದೆ ಅದಕ್ಕೆ?... ‘ತುಂಬಾ ಸಂತೋಷದ ವಿಷಯ’ ಅಂದೆನಾ.

ಏನು ಮಾಡಲಿ ಹೇಳಿ. ಆಫೀಸಲ್ಲಿ ನಮ್ಮನ್ನೆಲ್ಲಾ ಕೂರಿಸಿ ಹೇಳಿದ್ರು, ಎಐ ಕಲಿತವರಿಗೇ ಇನ್ನು ಬೆಲೆ ಅಂತ. ಪಕ್ಕದ ಸೀಟಿನ ದೊಡ್ಡಣ್ಣ ಇದ್ರಲ್ಲ, ನೆನಪಿದ್ದಾರಾ, ಸೈಟಿಗೆ ಬಂದ್ರೆ ನಿಮ್ಮ ಜೊತೆ ಮರಳಿನ ಮೇಲೇ ಕೂತು ಟೀ ಕುಡೀತಿದ್ರು... ಹಾಂ, ಅವರೇ. ಕಲಿಯಲ್ಲ ಅಂದ್ರು. ಕಳಿಸಿಬಿಟ್ರು. ನಾನು ಮಗಳನ್ನ ಮಲಗಿಸಿ, ಕಣ್ಣು ಉರಿಯೋವರೆಗೂ ಕೂತು ಕಲಿತೆ. ಚೆನ್ನಾಗೇ ಕಲಿತೆ. ಅವರ ಕಟ್ಟಡಾನೂ ನನಗೇ ಕೊಟ್ರು, ಇನ್ನೊಬ್ಬರದ್ದೂ ಕೊಟ್ರು. ‘ನಿಮ್ಮಂಥೋರು ಒಬ್ಬರಿದ್ರೆ ಮೂರು ಜನ ಇದ್ದ ಹಾಗೆ’ ಅಂತ ಎಲ್ಲರ ಮುಂದೆ ಚಪ್ಪಾಳೆ ತಟ್ಟಿಸಿದ್ರು ಸಾಹೇಬರು. ಖುಷಿಯಾಯ್ತು, ಮೇಸ್ತ್ರಿ. ಸುಳ್ಳು ಯಾಕೆ ಹೇಳಲಿ, ತುಂಬಾ ಖುಷಿಯಾಯ್ತು.

ಇಲ್ಲ, ಅವರಿಗೆ ಗೊತ್ತಿಲ್ಲ. ಅದೇ ಹೇಳ್ತಿರೋದು. ರಿಪೋರ್ಟ್ ಅದು ಬರೆಯಲಿ, ಫೋನ್ ಮಾತ್ರ ನೀವೇ ಮಾಡಬೇಕು ಅಂತ ಕಟ್ಟುನಿಟ್ಟಾಗಿ ಹೇಳಿದ್ರು. ಮೂರು ಸೈಟು, ನಲವತ್ತು ಜನ, ಇರೋದು ಒಂದು ಬಾಯಿ. ಎಲ್ಲಿಂದ ಮಾಡಲಿ?... ಹೌದು. ಈಗ ಹೇಳಿದ್ರೆ ಇವತ್ತೇ ಮನೆಗೆ ಕಳಿಸ್ತಾರೆ. ಬೇರೆ ಯಾರೂ ಇಟ್ಕೊಳ್ಳೋದೂ ಇಲ್ಲ...

ಏನಂದ್ರಿ?

ಹೇಳಬೇಡಿ ಅಂತೀರಾ?... ಯಾಕೆ?... ನಿಮಗೇನಂತೆ, ಎಲ್ಲಿ ಹೋದ್ರೂ ಕಿಟಕಿ ಬಾಗಿಲು ಮಾಡ್ತೀರಾ? ಪೊಲೀಸ್ ಕೇಸ್ ಹಾಕ್ತಾರೆ, ಮೇಸ್ತ್ರಿ! ಸಿಳ್ಳೆ ಕಾಲು ಹೋಗಿದ್ದು ನಿಮ್ಮ ಸುಳ್ಳಿಂದ ಅಂತ ಊರೆಲ್ಲಾ ಹೇಳ್ತಾರೆ. ಅವನ ಹೆಂಡತಿ ಸ್ಟೂಲ್ ಕೊಡ್ತಾಳಾ ಆಮೇಲೆ?... ನನ್ನ ಮಗಳ ವಿಷಯ ಬಿಡಿ. ಅವಳನ್ನ ಯಾಕೆ ಎಳೀತೀರಿ ಇದಕ್ಕೆ...

ಯೋಚನೆ ಮಾಡ್ತಿದ್ದೀನಿ. ಒಂದು ನಿಮಿಷ ಕೊಡಿ ನನಗೆ...

ಕರೀತಿದ್ದಾರಾ? ತಡೀರಿ. ಮೇಸ್ತ್ರಿ, ಒಳಗೆ ಹೋಗಬೇಡಿ. ಹೋದ್ರೂ ‘ನಂದೇ ತಪ್ಪು’ ಅನ್ನಬೇಡಿ, ಕೇಳಿಸ್ತಾ? ಮೇಸ್ತ್ರಿ?... ಮೇಸ್ತ್ರೀ!

ಹಲೋ? ಯಾರಿದು?... ವಾಚ್‌ಮನ್ನಾ? ಮೇಸ್ತ್ರಿ ಎಲ್ಲಿ?... ಹೋಗಿಬಿಟ್ರಾ. ಅಣ್ಣ, ಒಂದು ಉಪಕಾರ ಮಾಡಿ. ಈ ಫೋನ್ ಹಿಡ್ಕೊಂಡು ಒಳಗೆ ಹೋಗಿ. ಬಾಗಿಲು ತಟ್ಟಬೇಡಿ, ನೂಕಿಕೊಂಡು ಹೋಗಿ... ಬೈದ್ರೆ ನನ್ನ ಹೆಸರು ಹೇಳಿ, ಮೇಡಮ್ಮ ಕಳಿಸಿದ್ರು ಅನ್ನಿ. ಸ್ಪೀಕರ್ ಹಾಕಿ ಮೇಜಿನ ಮೇಲೆ ಇಟ್ಟುಬಿಡಿ. ಹೋಗಿ ಅಣ್ಣ, ನಿಮ್ಮ ದಮ್ಮಯ್ಯ...

ಸಾರ್? ಸಾರ್, ನಾನು. ಕ್ಷಮಿಸಿ, ಮಧ್ಯದಲ್ಲಿ... ಇಲ್ಲ, ಆಮೇಲಲ್ಲ, ಈಗಲೇ ಹೇಳಬೇಕು. ಮೇಸ್ತ್ರಿ ಸುಳ್ಳು ಹೇಳಿಲ್ಲ, ಸಾರ್. ಅವರು ಆಯ್ತು ಅಂದಿದ್ದು ಮಾಡ್ತೀನಿ ಅಂತ. ಅವತ್ತು ಫೋನ್ ಮಾಡಿದ್ದು ನಾನಲ್ಲ. ನನ್ನ ಧ್ವನೀಲಿ ಎಐ ಮಾಡಿದ್ದು. ನಾನೇ ಮಾಡಿಸಿದ್ದು. ಎರಡು ತಿಂಗಳಿಂದ... ಹೌದು ಸಾರ್, ನನ್ನದೇ ಧ್ವನಿ ಥರ. ಗುರುತೇ ಸಿಗಲ್ಲ...

ಹಾಂ? ಈಗ ಮಾತಾಡ್ತಿರೋದೂ ಅದೇನಾ ಅಂತಾ?... ಈಗ ನಾನೇ ಸಾರ್! ಇದು ನಾನೇ ಮಾತಾಡ್ತಿರೋದು... ಹೇಗೆ ನಂಬೋದು ಅಂದ್ರೆ... ಮೇಸ್ತ್ರೀನ ಕೇಳಿ. ಇಷ್ಟು ಹೊತ್ತು ನನ್ನ ಜೊತೆನೇ ಮಾತಾಡ್ತಿದ್ರು. ಮೇಸ್ತ್ರಿ, ನೀವೇ ಹೇಳಿ ಅವರಿಗೆ, ನಾನೇ ಅಲ್ವಾ?...

...ಏನಂದ್ರಿ? ಮೇಸ್ತ್ರಿ, ಏನಂತಿದ್ದೀರಿ ನೀವು? ‘ಇದು ನಮ್ಮ ಮೇಡಮ್ಮ ಅಲ್ಲ’ ಅಂತ ಯಾಕಂತೀರಿ? ಸಾರ್, ನನ್ನನ್ನ ಉಳಿಸೋಕೆ ಹಾಗಂತಿದ್ದಾರೆ, ನಂಬಬೇಡಿ... ಮೇಸ್ತ್ರೀ, ಬೇಡ... ಅಣ್ಣ, ಫೋನ್ ತೆಗೀಬೇಡಿ ಮೇಜಿಂದ... ಸಾರ್, ನಾನೇ, ನಿಜವಾಗಲೂ ನಾನೇ ಮಾತಾಡ್ತಿ...